ಗೇರ್ ಇಳಿಸಿ ಘಾಟಿ ಹತ್ತಿದ ವೆಲೋಸಿಯೋ

ಘಾಟಿ ಹತ್ತುವಾಗ ಸೈಕಲ್ಲಿನ ಗೇರ್ ಇಳಿಸೋದು ಮೋಸನಾ? ಇವತ್ತು ಯಾರಾದ್ರೂ ಹೀಗೆ ಕೇಳಿದ್ರೆ ನಾವು ನಗ್ತೀವಿ. ಆದರೆ ಸುಮಾರು 120 ವರ್ಷದ ಹಿಂದೆ ಫ್ರಾನ್ಸಿನಲ್ಲಿ ಇದೇ ಪ್ರಶ್ನೆಗೆ ಪತ್ರಿಕೆಗಳಲ್ಲಿ ದೊಡ್ಡ ಜಗಳ ನಡೆದಿತ್ತು. ಒಂದು ಕಡೆ ಟೂರ್ ದ ಫ್ರಾನ್ಸ್ ರೇಸನ್ನು ಶುರು ಮಾಡಿದ ಆನ್ರಿ ದೆಗ್ರಾಂಜ್. ಇನ್ನೊಂದು ಕಡೆ, ಒಳ್ಳೆ ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಹಿಂದೆ ಬಿದ್ದ ಒಬ್ಬ ಮೀಸೆಯ ಮನುಷ್ಯ. ಹೆಸರು ಪಾಲ್ ದ ವಿವಿ. ಬರೆಯುವಾಗ ಇಟ್ಟುಕೊಂಡ ಹೆಸರು ವೆಲೋಸಿಯೋ. ದೂರದ ಹಳ್ಳಿ ರಸ್ತೆಗಳಲ್ಲಿ ಇಡೀ ದಿನ ಸೈಕಲ್ ತುಳಿದು ಊರೂರು ನೋಡೋ ಅಭ್ಯಾಸ ಇದೆಯಲ್ಲ, ಫ್ರಾನ್ಸಿನಲ್ಲಿ ಅದಕ್ಕೆ ತಂದೆ ಅಂತ ಇವರನ್ನೇ ಕರೀತಾರೆ.

ವೆಲೋಸಿಯೋ ಹುಟ್ಟಿದ್ದು 1853ರ ಏಪ್ರಿಲ್ 29ರಂದು, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರದೇಶದ ಪೆರ್ನ್ ಎಂಬ ಸಣ್ಣ ಊರಿನಲ್ಲಿ. ಮೋಂ ವಾಂತು ಅನ್ನೋ ದೊಡ್ಡ ಬೆಟ್ಟ ಕಾಣೋ ಊರು ಅದು. ಜೀವನ ಕಳೆದದ್ದು ಮಾತ್ರ ಉತ್ತರಕ್ಕೆ, ಸಾಂತ್ ಎತಿಯೆನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ನು, ಈ ಮೂರಕ್ಕೆ ಹೆಸರಾದ ಊರು. ಬಂದೂಕು ಮಾಡೋ ಊರಲ್ಲಿ ಸಣ್ಣ ಸಣ್ಣ ಲೋಹದ ಭಾಗಗಳನ್ನು ಕರಾರುವಾಕ್ಕಾಗಿ ಕೆತ್ತೋ ಕೆಲಸಗಾರರು ತುಂಬಾ ಜನ ಇರ್ತಾರೆ. ಫ್ರಾನ್ಸಿನ ಸೈಕಲ್ ಉದ್ಯಮ ಇಲ್ಲಿ ಬೇರು ಬಿಟ್ಟದ್ದು ಆಶ್ಚರ್ಯ ಅಲ್ಲ.

ವೆಲೋಸಿಯೋ ರೇಷ್ಮೆ ವ್ಯಾಪಾರದಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತ ವ್ಯಾಪಾರ ಹಾಕಿ, ಚೆನ್ನಾಗೇ ನಡೆಸ್ತಿದ್ದರು. 1881ರಲ್ಲಿ, 28ನೇ ವಯಸ್ಸಿನಲ್ಲಿ, ಮೊದಲ ಸೈಕಲ್ ಕೊಂಡರು. ಆಗಿನ ಸೈಕಲ್ ಅಂದ್ರೆ ಮುಂದೆ ಎದೆಯೆತ್ತರದ ದೊಡ್ಡ ಚಕ್ರ, ಹಿಂದೆ ಬೊಂಬೆಯ ಗಾಡಿಗೆ ಹಾಕಿದಂಥ ಪುಟ್ಟ ಚಕ್ರ. ಚೈನ್ ಇಲ್ಲ. ಪೆಡಲ್ಲು ನೇರವಾಗಿ ಮುಂದಿನ ಚಕ್ರಕ್ಕೇ ಕೂತಿರೋದು. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತು, ಅಷ್ಟೇ. ಜಾಸ್ತಿ ವೇಗ ಬೇಕಾ, ಇನ್ನೂ ದೊಡ್ಡ ಚಕ್ರ ಹಾಕಿಸ್ಕೋಬೇಕು. ಎಷ್ಟು ದೊಡ್ಡದು? ಕಾಲು ಎಟುಕುವಷ್ಟು. ಅಂದ್ರೆ ನಿಮ್ಮ ಗೇರ್ ರೇಶಿಯೋ ನಿಮ್ಮ ಕಾಲಿನ ಉದ್ದ. ಕುಳ್ಳಗಿರೋರು ಹುಟ್ಟುತ್ತಲೇ ಲೋ ಗೇರ್.

ಆ ವಾಹನದ ಮೇಲೇ ಅವರು ಒಂದು ಪಂಥಕ್ಕೆ ಬಿದ್ದು, ಆರು ಗಂಟೆಯಲ್ಲಿ 100 ಕಿ.ಮೀ. ತುಳಿದು ಲಾ ಶೇಜ್ ದ್ಯೂ ಎಂಬ ಬೆಟ್ಟದ ಊರು ಮುಟ್ಟಿದರು ಅಂತ ಹೇಳ್ತಾರೆ. ಪಂಥದಲ್ಲಿ ಏನು ಸಿಕ್ಕಿತೋ ಬಿಡಿ. ಪಟ್ಟಣದ ಹೊಗೆಯಿಂದ ಹೊರಗೆ, ರೈಲು ಹೋಗದ ಕಡೆ, ಯಾರ ಹಂಗೂ ಇಲ್ಲದೆ ಒಂದು ದಿನದಲ್ಲಿ ಇಷ್ಟು ದೂರ ಹೋಗಬಹುದು ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತು. ಕುದುರೆ ಸಾಕೋ ಶಕ್ತಿ ಇದ್ದವರಿಗೆ, ಗಾಡಿ ಇದ್ದವರಿಗೆ ಮಾತ್ರ ಇದ್ದ ಸ್ವಾತಂತ್ರ್ಯ ಅದು. ಮುಂದೆ ಊರಿನ ಸೈಕಲ್ ಕ್ಲಬ್ಬಿನ ಕೆಲಸ ಮೈಮೇಲೆ ಎಳೆದುಕೊಂಡರು. ರೇಷ್ಮೆ ವ್ಯಾಪಾರಕ್ಕೆ ಇಂಗ್ಲೆಂಡಿಗೆ ಹೋದಾಗ ಕೊವೆಂಟ್ರಿಯ ಸೈಕಲ್ ಕಾರ್ಖಾನೆಗಳನ್ನು ನೋಡಿದರು. ಆ ಕಾಲಕ್ಕೆ ಸೈಕಲ್ ತಂತ್ರಜ್ಞಾನದ ರಾಜಧಾನಿ ಅದೇ.

1887ರಲ್ಲಿ ರೇಷ್ಮೆ ವ್ಯಾಪಾರ ಮಾರಿಬಿಟ್ಟರು. ಕೊವೆಂಟ್ರಿಯಿಂದ ಸೈಕಲ್ ತರಿಸಿ ಮಾರೋ ಅಂಗಡಿ ತೆಗೆದರು, ಅದೇ ವರ್ಷ ಒಂದು ಸೈಕಲ್ ಪತ್ರಿಕೆಯನ್ನೂ ಶುರು ಮಾಡಿದರು. ಅದು ಬೇಗನೆ ಲ ಸಿಕ್ಲಿಸ್ತ್ ಎಂಬ ಹೆಸರಿಗೆ ಬಂತು. ಸೈಕಲ್ಲು ಹುಚ್ಚರ ಆಟ ಅನ್ನೋ ಕಾಲದಲ್ಲಿ ಕೈಯಲ್ಲಿದ್ದ ಲಾಭದ ವ್ಯಾಪಾರ ಬಿಡೋದು! ಮನೆಯಲ್ಲಿ ಏನಂದಿರಬಹುದು ಅಂತ ಊಹೆ ಮಾಡ್ಕೊಳ್ಳಿ. ಪ್ಲೇಸ್‌ಮೆಂಟ್ ಆಫರ್ ಬಿಟ್ಟು ಯೂಟ್ಯೂಬ್ ಚಾನೆಲ್ ಮಾಡ್ತೀನಿ ಅಂದ ಹಾಗೆ.

ಆ ಹೊತ್ತಿಗೆ ಸೈಕಲ್ಲೇ ಬದಲಾಗಿತ್ತು. ಎರಡೂ ಚಕ್ರ ಒಂದೇ ಅಳತೆ, ಮಧ್ಯೆ ಪೆಡಲ್, ಹಿಂದಿನ ಚಕ್ರಕ್ಕೆ ಚೈನ್. ಇದು ಮೆಕ್ಯಾನಿಕಲ್ ಲೆಕ್ಕದಲ್ಲಿ ಬಹಳ ದೊಡ್ಡ ಹೆಜ್ಜೆ. ಈಗ ಗೇರ್ ರೇಶಿಯೋ ಕಾಲಿನ ಉದ್ದ ಅಲ್ಲ. ಮುಂದಿನ ಹಲ್ಲುಚಕ್ರದ ಹಲ್ಲನ್ನು ಹಿಂದಿನದರ ಹಲ್ಲಿನಿಂದ ಭಾಗಿಸಿದರೆ ಬರೋದು. ಬೇಕಾದ್ದು ಇಟ್ಟುಕೊಳ್ಳಬಹುದು. ವೆಲೋಸಿಯೋ ಕೂಡ 1889ರ ಸುಮಾರಿಗೆ ಗೋಲ್ವಾಜ್ ಎಂಬ ಸ್ವಂತ ಸೈಕಲ್ ಮಾಡಿಸಿದರು. ಚೈನು, ಇವತ್ತಿನ ಸೈಕಲ್ಲಿನ ಹಾಗೇ ವಜ್ರಾಕಾರದ ಫ್ರೇಮು, ಎಲ್ಲಾ ಸರಿ. ಗೇರ್ ಮಾತ್ರ ಒಂದೇ. ಬೇಕಾದ್ದು ಇಟ್ಟುಕೊಳ್ಳಬಹುದು, ಆದರೆ ಒಂದನ್ನೇ ಇಟ್ಟುಕೊಳ್ಳಬೇಕು.

ಸಾಂತ್ ಎತಿಯೆನ್‌ನ ದಕ್ಷಿಣಕ್ಕೆ ರಿಪಬ್ಲಿಕ್ ಘಾಟಿ ಇದೆ. ಫ್ರೆಂಚಿನಲ್ಲಿ ಕೋಲ್ ದ ಲಾ ರೆಪುಬ್ಲಿಕ್. ಎತ್ತರ 1161 ಮೀಟರ್. ಊರಿನಿಂದ ಸುಮಾರು 16 ಕಿ.ಮೀ. ಏರು, ಸರಾಸರಿ 4 ಪರ್ಸೆಂಟ್ ಇಳಿಜಾರು. ದಕ್ಷಿಣಕ್ಕೆ, ಅಂದ್ರೆ ವೆಲೋಸಿಯೋ ಹುಟ್ಟಿದೂರಿನ ಕಡೆಗೆ ಹೋಗಬೇಕು ಅಂದ್ರೆ ಇದನ್ನು ದಾಟಲೇಬೇಕು. ಒಂದು ದಿನ ಅವರು ಒಂದೇ ಗೇರಿನ ಸೈಕಲ್ಲಲ್ಲಿ ಒದ್ದಾಡ್ತಾ ಹತ್ತುತ್ತಿದ್ದರಂತೆ. ಹಿಂದಿನಿಂದ ಅವರದೇ ಪತ್ರಿಕೆಯ ಓದುಗನೊಬ್ಬ, ಬಾಯಲ್ಲಿ ಪೈಪ್ ಇಟ್ಟು ಹೊಗೆ ಬಿಡ್ತಾ, ಆರಾಮಾಗಿ ಪಕ್ಕದಲ್ಲೇ ದಾಟಿ ಹೋದನಂತೆ. ಊರಿಗೆಲ್ಲಾ ಸೈಕಲ್ ಬಗ್ಗೆ ಪಾಠ ಹೇಳೋ ಸಂಪಾದಕರಿಗೆ ಹೇಗಾಗಿರಬೇಡ! ಎಲ್ಲರೂ ಹೇಳೋ ಈ ಕಥೆಯಲ್ಲಿ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಆ ಘಾಟಿಯೇ ಅವರಿಗೆ ಒಂದು ಗೇರ್ ಸಾಲದು ಅಂತ ಕಲಿಸಿದ್ದು ನಿಜ.

ಯಾಕೆ ಸಾಲದು ಅನ್ನೋದನ್ನ ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಫಸ್ಟ್ ಇಯರಲ್ಲಿ ಎಲ್ಲಾ ಬ್ರಾಂಚಿನವರೂ ಗೇರ್ ಲೆಕ್ಕ ಮಾಡಿದೀವಿ, ಹೆದರ್ಬೇಡಿ.

ಮನುಷ್ಯ, ಸೈಕಲ್ ಸೇರಿ 85 ಕೆಜಿ ಅಂದ್ಕೊಳ್ಳಿ. 4 ಪರ್ಸೆಂಟ್ ಏರಿನಲ್ಲಿ ಗುರುತ್ವ ಹಿಂದಕ್ಕೆ ಎಳೆಯೋದು ಸುಮಾರು 33 ನ್ಯೂಟನ್. ಟಾರಿಲ್ಲದ ರಸ್ತೆಯಲ್ಲಿ ಟೈರಿನ ಎಳೆತ ಒಂದು 8 ನ್ಯೂಟನ್ ಸೇರಿಸಿ. ಹತ್ತತ್ರ 42. ಗಟ್ಟಿಮುಟ್ಟಾದ ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ ಕೊಡಬಹುದಾದ ಪವರ್ 100 ವಾಟ್ ಅಂತ ಹಿಡಿಯೋಣ. ಆಗ ವೇಗ ಸೆಕೆಂಡಿಗೆ 2.4 ಮೀಟರ್, ಅಂದ್ರೆ ಗಂಟೆಗೆ ಎಂಟೂವರೆ ಕಿ.ಮೀ. ಇಲ್ಲಿಯವರೆಗೆ ಗೇರಿನ ಮಾತೇ ಇಲ್ಲ. ಗೇರ್ ಪವರ್ ಕೊಡಲ್ಲ, ಇದು ದೆಗ್ರಾಂಜ್‌ಗೂ ಗೊತ್ತು, ವೆಲೋಸಿಯೋಗೂ ಗೊತ್ತು.

ಈಗ ಗೇರ್ ತನ್ನಿ. ನಮ್ಮ ಮನೆಗಳಲ್ಲಿದ್ದ ಹಳೇ ಕರೀ ಸೈಕಲ್ಲು ನೆನಪಿಸಿಕೊಳ್ಳಿ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತೆ. ಆ ಘಾಟಿಯಲ್ಲಿ ಮೇಲಿನ ವೇಗಕ್ಕೆ ಪೆಡಲ್ ನಿಮಿಷಕ್ಕೆ 27 ಸುತ್ತು ಮಾತ್ರ ತಿರುಗುತ್ತೆ. 17 ಸೆಂ.ಮೀ. ಕ್ರ್ಯಾಂಕಿನ ಮೇಲೆ ಸರಾಸರಿ 21 ಕೆಜಿ ತೂಕದಷ್ಟು ಬಲ, ಎಡೆಬಿಡದೆ. ಪೆಡಲ್ ಮೇಲೆ ಕೆಳಗೆ ಇರುವಾಗ ಬಲ ಹಾಕೋಕಾಗಲ್ಲ, ಹಾಗಾಗಿ ನಿಜವಾಗಿ ತುಳಿಯೋ ಹೊತ್ತಲ್ಲಿ ಇದಕ್ಕಿಂತ ತುಂಬಾ ಜಾಸ್ತಿ. ಹೆಚ್ಚು ಕಡಿಮೆ ಎರಡು ಗಂಟೆ ಹೀಗೆ. ಮಂಡಿ ಏನಾಗಬೇಕು?

ಅದೇ ಒಂದು ಸುತ್ತಿಗೆ 2.5 ಮೀಟರ್ ಹೋಗೋ ಗೇರ್ ಇದ್ದರೆ? ನಿಮಿಷಕ್ಕೆ 58 ಸುತ್ತು, ಸರಾಸರಿ ಬಲ 10 ಕೆಜಿ. ಅದೇ 100 ವಾಟ್, ಅದೇ ವೇಗ, ಅದೇ ಬೆಟ್ಟ. ಆದರೆ ಮೊದಲನೇದರಲ್ಲಿ ಅರ್ಧಕ್ಕೇ ಇಳಿದು ತಳ್ಳಬೇಕು, ಎರಡನೇದರಲ್ಲಿ ಪೈಪ್ ಸೇದಿಕೊಂಡು ಹೋಗಬಹುದು. ಬೈಕ್ ಓಡಿಸೋ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಟಾಪ್ ಗೇರಲ್ಲಿ ಏರು ಹತ್ತಿಸಿದರೆ ಎಂಜಿನ್ ಬಡ್ಕೊಳ್ಳುತ್ತೆ. ಕಾಲೂ ಒಂದು ಎಂಜಿನ್ನೇ, ಅದಕ್ಕೂ ಒಂದು ಇಷ್ಟದ ಆರ್‌ಪಿಎಂ ಇದೆ. ವೆಲೋಸಿಯೋ ಹಿಡಿದ ಹಠ ಇಷ್ಟೇ: ಬೆಟ್ಟಕ್ಕೆ ತಕ್ಕ ಹಾಗೆ ಮನುಷ್ಯ ಬದಲಾಗೋದು ಬೇಡ, ಸೈಕಲ್ ಬದಲಾಗಲಿ.

ಮೊದಲು ಅವರು ಮಾಡಿದ್ದು ತೀರಾ ಸರಳ. ಮುಂದೆ ಒಂದರ ಬದಲು ಎರಡು ಹಲ್ಲುಚಕ್ರ ಹಾಕಿ, ಘಾಟಿಯ ಬುಡದಲ್ಲಿ ಇಳಿದು ಕೈಯಿಂದಲೇ ಚೈನ್ ಎತ್ತಿ ಸಣ್ಣದರ ಮೇಲೆ ಹಾಕೋದು. ಕೈ ಪೂರ್ತಿ ಗ್ರೀಸು. ಆಮೇಲೆ ಸೈಕಲ್ಲಿನ ಎಡಗಡೆಗೂ ಒಂದು ಚೈನ್ ಜೋಡಿಸಿ ನಾಲ್ಕು ಗೇರ್ ಮಾಡಿದರು. ಇಂಗ್ಲೆಂಡಿನಿಂದ ಬಂದ ಬೇರೆ ಬೇರೆ ಗೇರುಗಳನ್ನೂ ತರಿಸಿ ನೋಡಿದರು. ಆ ಕಾಲದಲ್ಲಿ ಎಂಥೆಂಥ ತಲೆಗಳಿದ್ದವು ಅಂದ್ರೆ, ಪೆಡಲನ್ನು ಮುಂದಕ್ಕೆ ತುಳಿದರೆ ಒಂದು ಗೇರ್, ಹಿಂದಕ್ಕೆ ತುಳಿದರೆ ಲೋ ಗೇರ್ ಬೀಳೋ ಸೈಕಲ್ಲೂ ಇತ್ತು. ಸಾಂತ್ ಎತಿಯೆನ್‌ನಲ್ಲೇ ಅದನ್ನು ಮಾಡಿ ಮಾರಿದರು. ಬೆಟ್ಟವನ್ನು ಹಿಂದಕ್ಕೆ ತುಳಿದು ಹತ್ತೋದು, ಯೋಚನೆ ಮಾಡಿ!

ಕೊನೆಗೆ ನಿಂತದ್ದು ನಮಗೆಲ್ಲಾ ಗೊತ್ತಿರೋ ಡಿರೇಲರ್. ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಚೈನನ್ನು ಪಕ್ಕಕ್ಕೆ ತಳ್ಳೋ ಯಂತ್ರ. ಫ್ರೆಂಚಿನಲ್ಲಿ ಆ ಪದಕ್ಕೆ ಹಳಿ ತಪ್ಪಿಸೋದು ಅಂತ ಅರ್ಥ, ರೈಲಿಗೆ ಬಳಸೋ ಮಾತು. ಡಿರೇಲರನ್ನು ಕಂಡುಹಿಡಿದದ್ದೇ ವೆಲೋಸಿಯೋ ಅಂತ ಕೆಲವು ಕಡೆ ಬರೆದಿರ್ತಾರೆ. ನನಗೆ ಅದು ಅಷ್ಟು ಸರಿ ಅನ್ಸಲ್ಲ. 1890ರ ದಶಕದಲ್ಲೇ ಬೇರೆಯವರೂ ಇಂಥದ್ದನ್ನು ಮಾಡಿ ನೋಡಿದ್ದರು. ವೆಲೋಸಿಯೋ ಮಾಡಿದ್ದು ನನ್ನ ಪ್ರಕಾರ ಅದಕ್ಕಿಂತ ಕಷ್ಟದ ಕೆಲಸ. ಒಂದೊಂದು ಗೇರನ್ನೂ ತಾವೇ ನೂರಾರು ಕಿ.ಮೀ. ಬೆಟ್ಟದಲ್ಲಿ ತುಳಿದು, ಎಲ್ಲಿ ಚೈನ್ ಬೀಳುತ್ತೆ, ಎಲ್ಲಿ ಸವೆಯುತ್ತೆ, ಯಾವ ರೇಶಿಯೋ ಯಾವ ಏರಿಗೆ ಸಾಕು ಅಂತ ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದರು. ಓದುಗರೂ ತಮ್ಮ ಪ್ರಯಾಣದ ವಿವರ ಬರೆದು ಕಳಿಸೋರು, ವಾದ ಮಾಡೋರು. ಇವರ ಸುತ್ತ ಸೇರಿದ ಗುಂಪಿಗೆ ಸಾಂತ್ ಎತಿಯೆನ್ ಸ್ಕೂಲ್ ಅಂತಲೇ ಹೆಸರು ಬಿತ್ತು. ಬಿಲ್ಡಿಂಗ್ ಇಲ್ಲ, ಇಂಟರ್ನಲ್ಸ್ ಇಲ್ಲ, ಲ್ಯಾಬ್ ಮಾತ್ರ ಇತ್ತು. ಆ ಲ್ಯಾಬೇ ರಿಪಬ್ಲಿಕ್ ಘಾಟಿ.

ಆ ಲ್ಯಾಬಿನ ಒಂದು ದಿನ ಹೇಗಿರುತ್ತಿತ್ತು? ವೆಲೋಸಿಯೋಗೆ ರಾತ್ರಿಯೇ ಹೊರಡೋದು ಇಷ್ಟ. ಊರೆಲ್ಲಾ ಮಲಗಿರುವಾಗ ದೀಪ ಹಚ್ಚಿಕೊಂಡು ಘಾಟಿ ಕಡೆ ತಿರುಗೋದು. ಮೊದಲ ಗಂಟೆಗಳಲ್ಲಿ ಜೋರಾಗಿ ತುಳಿಯಬಾರದು, ಇದು ಅವರು ಶಿಷ್ಯರಿಗೆ ಹಾಕಿದ ನಿಯಮಗಳಲ್ಲಿ ಒಂದು. ಮೈಯಲ್ಲಿ ಶಕ್ತಿ ಇದೆ ಅಂತ ಶುರುವಿನಲ್ಲೇ ಖರ್ಚು ಮಾಡೋ ಹುಡುಗರು ಮಧ್ಯಾಹ್ನಕ್ಕೆ ರಸ್ತೆ ಪಕ್ಕ ಕೂತಿರ್ತಾರೆ ಅನ್ನೋದನ್ನು ಅವರು ಬೇಕಾದಷ್ಟು ನೋಡಿದ್ದರು. ಲೋ ಗೇರಲ್ಲಿ, ಒಂದೇ ಲಯದಲ್ಲಿ, ಕತ್ತಲಲ್ಲಿ ಫರ್ ಮರಗಳ ಕಾಡಿನೊಳಗೆ ಎರಡು ಗಂಟೆ. ನೆತ್ತಿಯಲ್ಲಿ ಚಳಿ. ಚಳಿ ಆದ ಮೇಲೆ ಬಟ್ಟೆ ಹಾಕಿಕೊಳ್ಳೋದಲ್ಲ, ಆಗೋಕೆ ಮುಂಚೆಯೇ. ಇದೂ ನಿಯಮ.

ಆಮೇಲೆ ಇಳಿಜಾರು. ಇವತ್ತು ಇಳಿಜಾರು ಅಂದ್ರೆ ಮಜಾ. ಆಗ ಅದು ಪರೀಕ್ಷೆ. 1900ರ ಆಸುಪಾಸಿಗೆ ಫ್ರೀವೀಲ್ ಬಳಕೆಗೆ ಬರೋ ತನಕ ಚಕ್ರ ತಿರುಗಿದಷ್ಟೂ ಪೆಡಲ್ಲೂ ತಿರುಗಲೇಬೇಕು. ಬ್ರೇಕ್ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಉದ್ದದ ಘಾಟಿ ಇಳಿಯುವಾಗ ಮರದ ಕೊಂಬೆ ಕಡಿದು ಸೈಕಲ್ಲಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗೋರೂ ಇದ್ದರು. ಧೂಳಿನ ರಸ್ತೆಯಲ್ಲಿ ಹಿಂದಿನವನ ಗತಿ ಏನು ಅಂತ ಕೇಳಬೇಡಿ.

ಇಳಿದರೆ ಬೂರ್ ಅರ್ಜಾಂತಾಲ್, ಆಮೇಲೆ ಅನೊನೆ. ಅನೊನೆ ಅಂದ್ರೆ ಮೊಂಗೋಲ್ಫಿಯೇ ಸಹೋದರರು 1783ರಲ್ಲಿ ಬಿಸಿಗಾಳಿ ಬಲೂನನ್ನು ಜನರ ಎದುರು ಹಾರಿಸಿ ತೋರಿಸಿದ ಊರು. ಅಲ್ಲಿಂದ ಕೆಳಗೆ ಆಂದಾನ್ಸ್‌ನಲ್ಲಿ ರೋನ್ ನದಿ ಸಿಗುತ್ತೆ. ಸಿವಿಲ್‌ನವರಿಗೆ ಒಂದು ಮಾತು: ಅಲ್ಲಿ 1827ರಲ್ಲಿ ಕಟ್ಟಿದ ಮಾರ್ಕ್ ಸೆಗೆಂ ಅವರ ತೂಗುಸೇತುವೆ ಇವತ್ತೂ ಬಳಕೆಯಲ್ಲಿದೆ. ನದಿ ಹಿಡಿದು ದಕ್ಷಿಣಕ್ಕೆ ಹೋದರೆ ತೂರ್ನೋಂ, ವಾಲಾನ್ಸ್, ಮೊಂತೇಲಿಮಾರ್, ಒರಾಂಜ್, ಆವಿನ್ಯೋಂ. ಸಾಂತ್ ಎತಿಯೆನ್‌ನಿಂದ ಆವಿನ್ಯೋಂಗೆ 200 ಕಿ.ಮೀ.ಗೂ ಹೆಚ್ಚು. ದಾರಿಯುದ್ದಕ್ಕೂ ಹವೆ ಬದಲಾಗುತ್ತೆ. ಘಾಟಿಯ ಮೇಲೆ ಫರ್ ಕಾಡು, ಕೆಳಗೆ ದ್ರಾಕ್ಷಿ ತೋಟ, ಇನ್ನೂ ಕೆಳಗೆ ಆಲಿವ್ ಮರ. ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸೋ ಮಿಸ್ತ್ರಾಲ್ ಗಾಳಿ ಇದೆ. ಹೋಗುವಾಗ ಬೆನ್ನಿಗೆ, ವಾಪಸ್ ಬರುವಾಗ ಅದೇ ಗಾಳಿ ಎದೆಗೆ. ಬೆಟ್ಟ ಇಲ್ಲದ ಕಡೆಯೂ ಗೇರ್ ಬೇಕು ಅನ್ನೋಕೆ ಈ ಗಾಳಿ ಸಾಕು.

ಹಸಿವಾಗೋ ಮೊದಲೇ ತಿನ್ನಬೇಕು, ಬಾಯಾರೋ ಮೊದಲೇ ಕುಡಿಯಬೇಕು ಅಂತ ಅವರ ಪಾಠ. ಇವತ್ತು ಸ್ಪೋರ್ಟ್ಸ್ ನ್ಯೂಟ್ರಿಷನ್‌ನವರೂ ಉದ್ದದ ಓಟಕ್ಕೆ ಹೇಳೋದು ಹೆಚ್ಚು ಕಡಿಮೆ ಇದನ್ನೇ. ನಿಲ್ಲೋದು ಕಡಿಮೆ, ನಿಂತರೂ ಸ್ವಲ್ಪ ಹೊತ್ತು. ಊಟ ಸೇರದಷ್ಟು, ನಿದ್ದೆ ಬರದಷ್ಟು ಸುಸ್ತಾಗೋ ತನಕ ತುಳಿಯಬಾರದು. ದಾರಿಯಲ್ಲಿ ಹೆಂಡ ಇಲ್ಲ, ಮಾಂಸ ಇಲ್ಲ, ತಂಬಾಕು ಇಲ್ಲ. ವೆಲೋಸಿಯೋ ಸಸ್ಯಾಹಾರಿ. ಫ್ರಾನ್ಸಿನಲ್ಲಿ, ಆ ಕಾಲದಲ್ಲಿ, ವೈನ್ ಮುಟ್ಟದೆ ಹಣ್ಣು ಬ್ರೆಡ್ಡು ತಿಂದುಕೊಂಡು ತಿರುಗೋದು ಸೈಕಲ್ಲಿಗಿಂತ ದೊಡ್ಡ ವಿಚಿತ್ರ ಆಗಿರಬೇಕು. ತಂಬಾಕು ನಿಯಮ ಬರೆಯುವಾಗ ಆ ಪೈಪಿನವನು ನೆನಪಾಗಿದ್ದನೋ ಏನೋ! ಏಳನೇ ನಿಯಮ ನನಗೆ ತುಂಬಾ ಇಷ್ಟ. ಯಾರಿಗೋ ತೋರಿಸೋಕೆ ಅಂತ ತುಳಿಯಬೇಡಿ ಅನ್ನೋ ಅರ್ಥದ್ದು. ಸ್ಟ್ರಾವಾ ಬರೋಕೆ ನೂರು ವರ್ಷ ಮುಂಚೆ ಹೇಳಿದ್ದು.

ಈ ಎಲ್ಲಾ ನಿಯಮಗಳ ಹಿಂದೆ ಒಂದೇ ಲೆಕ್ಕ ಇದೆ. ಚಾಂಪಿಯನ್ ಅಲ್ಲದ ಮನುಷ್ಯ, ವಾರವೆಲ್ಲಾ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿದವನು, ಒಂದು ರಜೆಯ ದಿನದಲ್ಲಿ 200 ಕಿ.ಮೀ. ಹೋಗಿ ನಗ್ತಾ ಮನೆಗೆ ಬರಬೇಕು. ಅದಕ್ಕೆ ಏನೇನು ಬೇಕು? ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಗೇರು, ಊಟ, ಬಟ್ಟೆ, ಟೈರು ಎಲ್ಲಾ ಒಂದೇ ಡಿಸೈನ್ ಪ್ರಾಬ್ಲಮ್ಮಿನ ಭಾಗಗಳು. ಸಣ್ಣ ಚಕ್ರಕ್ಕೆ ದಪ್ಪ ಟೈರ್ ಹಾಕಿದರೆ ಕೆಟ್ಟ ರಸ್ತೆಯಲ್ಲಿ ನಷ್ಟವೇನಿಲ್ಲ ಅಂತಲೂ ಅವರು ತುಳಿದು ನೋಡಿ ವಾದಿಸಿದ್ದರು.

ದೆಗ್ರಾಂಜ್ ಪ್ರಶ್ನೆ ಬೇರೆ. ಅವರೇನು ಸಾಮಾನ್ಯರಲ್ಲ. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿ.ಮೀ. ತುಳಿದು ದಾಖಲೆ ಮಾಡಿದವರು, ಆಮೇಲೆ ಕ್ರೀಡಾ ಪತ್ರಿಕೆಯ ಸಂಪಾದಕರು. ಅವರಿಗೆ ಬೇಕಿದ್ದದ್ದು ಯಾರು ಎಲ್ಲರಿಗಿಂತ ಬಲಶಾಲಿ ಅನ್ನೋ ಉತ್ತರ. ಅದಕ್ಕೆ ಬೆಟ್ಟ ಕಷ್ಟವಾಗಿಯೇ ಇರಬೇಕು. ಬೆಟ್ಟವನ್ನು ಸುಲಭ ಮಾಡಿದರೆ ಅಳೆಯೋ ಸ್ಕೇಲನ್ನೇ ಬಗ್ಗಿಸಿದ ಹಾಗೆ.

1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಪಿರೆನೀಸ್ ಪರ್ವತಗಳಲ್ಲಿ ಸೈಕಲ್ ಪರೀಕ್ಷೆ ಇಟ್ಟಿತು. 2115 ಮೀಟರ್ ಎತ್ತರದ ತೂರ್ಮಾಲೆ ಘಾಟಿ ಅದರಲ್ಲಿತ್ತು. ಮಾರ್ತ್ ಹೆಸ್ ಎಂಬ ಹೆಂಗಸು ಗೇರಿದ್ದ ಸೈಕಲ್ ಹತ್ತಿ ಹೊರಟರು. ಒಂದೇ ಗೇರಿನ ಸೈಕಲ್ಲಲ್ಲಿದ್ದ ಎದುವಾರ್ ಫಿಶರ್ ಎಂಬ ಹೆಸರಾಂತ ರೇಸರನ್ನೇ ಅವರು ಹಿಂದೆ ಹಾಕಿದರು, ಒಂದು ಸಲವೂ ಕಾಲು ನೆಲಕ್ಕೆ ಊರಲಿಲ್ಲ ಅಂತ ಸೈಕಲ್ಲಿನವರು ಇವತ್ತೂ ಕಥೆ ಹೇಳ್ತಾರೆ. ದೆಗ್ರಾಂಜ್ ಒಪ್ಪಲಿಲ್ಲ. ಗೇರು ವಯಸ್ಸಾದವರಿಗೆ ಸರಿ, ಗೆಲ್ಲೋದಾದರೆ ಮಾಂಸಖಂಡದ ಬಲದಿಂದ ಗೆಲ್ಲಬೇಕು, ಯಂತ್ರದ ಉಪಾಯದಿಂದಲ್ಲ, ನಾವು ಮೆತ್ತಗಾಗ್ತಿದ್ದೀವಿ ಅನ್ನೋ ಧಾಟಿಯಲ್ಲಿ ಬರೆದರು. ವೆಲೋಸಿಯೋಗೆ ಆಗ ಐವತ್ತರ ಹತ್ತಿರ. ಒಂದು ರೀತಿಯಲ್ಲಿ ಬೈಗುಳ ನೇರ ಅವರಿಗೇ.

ಕ್ಯಾಲ್ಕುಲೇಟರ್ ಇಟ್ಕೊಂಡು ಲೆಕ್ಕ ಮಾಡೋದು ಲೆಕ್ಕನಾ ಅಂತ ಕೇಳೋ ಮೇಷ್ಟ್ರು ನಮಗೆಲ್ಲಾ ಸಿಕ್ಕಿರ್ತಾರೆ. ಈಗ ಎಐ ಇಟ್ಕೊಂಡು ಕೋಡ್ ಬರೆಯೋದು ಕೋಡಿಂಗಾ ಅಂತ ನಾವೇ ಹಾಸ್ಟೆಲ್ಲಲ್ಲಿ ರಾತ್ರಿಯೆಲ್ಲಾ ಜಗಳ ಆಡ್ತೀವಿ. ನಿಜ ಹೇಳಬೇಕಂದ್ರೆ ದೆಗ್ರಾಂಜ್ ಮಾತನ್ನು ಪೂರ್ತಿ ತಳ್ಳಿಹಾಕೋಕೆ ನನಗೆ ಮನಸ್ಸಾಗಲ್ಲ. ರೇಸ್ ಅಂದ ಮೇಲೆ ಏನನ್ನು ಅಳೀತಿದೀವಿ ಅನ್ನೋದು ಗಟ್ಟಿಯಾಗಿ ಗೊತ್ತಿರಬೇಕು. ಆದರೆ ರಸ್ತೆ ಇರೋದು ರೇಸಿಗೆ ಮಾತ್ರ ಅಲ್ಲವಲ್ಲ. ಘಾಟಿಯ ಆಚೆ ಅಣ್ಣನ ಮನೆಯೋ ಸಂತೆಯೋ ಇರೋ ಮನುಷ್ಯನಿಗೆ ಯಾರು ಬಲಶಾಲಿ ಅನ್ನೋದು ಕಟ್ಟಿಕೊಂಡು ಏನು? ಅವನಿಗೆ ಆಚೆ ಹೋಗಬೇಕು.

1903ರಲ್ಲಿ ದೆಗ್ರಾಂಜ್ ಟೂರ್ ದ ಫ್ರಾನ್ಸ್ ಶುರು ಮಾಡಿದರು. ಮೊದಲ ವರ್ಷವೇ ಲಿಯೋಂನಿಂದ ಮಾರ್ಸೇಲ್‌ಗೆ ಹೋಗೋ ಹಂತದಲ್ಲಿ ರೇಸು ಹತ್ತಿದ ಘಾಟಿ ಯಾವುದು ಗೊತ್ತಾ? ರಿಪಬ್ಲಿಕ್ ಘಾಟಿಯೇ. ವೆಲೋಸಿಯೋನ ಲ್ಯಾಬಿನಲ್ಲಿ, ಗೇರಿಲ್ಲದ ಸೈಕಲ್ಲುಗಳು. ಮರುವರ್ಷ 1904ರಲ್ಲಿ ಅದೇ ಘಾಟಿಯಲ್ಲಿ ರಾತ್ರಿ ಹೊತ್ತು, ಸ್ಥಳೀಯ ರೇಸರ್ ಒಬ್ಬನ ಅಭಿಮಾನಿಗಳು ಬೇರೆ ರೇಸರುಗಳನ್ನು ಅಡ್ಡಗಟ್ಟಿ ಹೊಡೆದರು. ಊರಿನ ಅಭಿಮಾನ ಕೆಲವೊಮ್ಮೆ ಹೀಗೆ.

ಮುಂದೆ ದಶಕಗಟ್ಟಲೆ ಟೂರಿನ ರೇಸರುಗಳು ಬೆಟ್ಟದ ಬುಡ ಬಂದರೆ ಮಾಡುತ್ತಿದ್ದದ್ದು ಇದು: ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಬೇರೆ ಬೇರೆ ಹಲ್ಲುಚಕ್ರ ಇರೋದು. ಇಳಿದು, ನಟ್ಟು ಸಡಿಲಿಸಿ, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತೋದು. ನೆತ್ತಿಗೆ ಹೋದ ಮೇಲೆ ಮತ್ತೆ ಅದೇ. ಚಳಿಯಲ್ಲಿ ಬೆರಳು ಮರಗಟ್ಟಿದಾಗಲೂ. ಅಂದ್ರೆ ಗೇರ್ ಬದಲಾಯಿಸೋದು ತಪ್ಪಲ್ಲ, ಸುಲಭವಾಗಿ ಬದಲಾಯಿಸೋದು ತಪ್ಪು! ಅದೇ ಹೊತ್ತಲ್ಲಿ ರಜೆ ದಿನ ಹೆಂಡತಿ ಜೊತೆ ಸುತ್ತಾಡೋಕೆ ಹೊರಟ ಗುಮಾಸ್ತ ಡಿರೇಲರ್ ಕಡ್ಡಿ ತಳ್ಳಿ ಆ ಘಾಟಿ ದಾಟುತ್ತಿದ್ದ.

ವೆಲೋಸಿಯೋ ಆ ಹೊತ್ತಿಗೆ ಹಿರಿಯರಾಗಿದ್ದರು. ಎಪ್ಪತ್ತರ ಹತ್ತಿರ ಬಂದರೂ ಸೈಕಲ್ ಬಿಡಲಿಲ್ಲ, ಪತ್ರಿಕೆ ಬಿಡಲಿಲ್ಲ. 1922ರಲ್ಲಿ ಅಭಿಮಾನಿಗಳು ಸೇರಿ ವೆಲೋಸಿಯೋ ದಿನ ಅಂತ ಶುರು ಮಾಡಿದರು, ಎಲ್ಲರೂ ಸೈಕಲ್ಲಲ್ಲಿ ರಿಪಬ್ಲಿಕ್ ಘಾಟಿ ಹತ್ತೋ ದಿನ. ಈಸ್ಟರ್ ರಜೆಗೆ ಫ್ರಾನ್ಸಿನ ಬೇರೆ ಬೇರೆ ಮೂಲೆಗಳಿಂದ ತುಳಿದುಕೊಂಡು ಬಂದು ಪ್ರೊವಾನ್ಸ್‌ನಲ್ಲಿ ಸೇರೋ ಪದ್ಧತಿಯೂ ಅವರ ಗುಂಪಿನಿಂದಲೇ ಬೆಳೆದದ್ದು. ಅವರಿಗೆ ಅದು ಹಬ್ಬಕ್ಕೆ ಊರಿಗೆ ಹೋದ ಹಾಗೆ. ವ್ಯತ್ಯಾಸ ಇಷ್ಟೇ, ನಾವು ಶುಕ್ರವಾರ ರಾತ್ರಿ ಬಸ್ ಸೀಟಿಗೆ ಹೊಡೆದಾಡ್ತೀವಿ, ಅವರು ಅದೇ ಹೊತ್ತಿಗೆ ದೀಪ ಹಚ್ಚಿ ಘಾಟಿ ಹತ್ತೋರು.

1930ರ ಫೆಬ್ರವರಿ ಕೊನೆಯಲ್ಲಿ, ಸಾಂತ್ ಎತಿಯೆನ್‌ನ ರಸ್ತೆಯೊಂದರಲ್ಲಿ ಅವರು ಸೈಕಲ್ ತಳ್ಳಿಕೊಂಡು ದಾಟುತ್ತಿದ್ದರು. ಬರ್ತಿದ್ದ ಕಾರಿನಿಂದ ತಪ್ಪಿಸಿಕೊಳ್ಳೋಕೆ ಹಿಂದಕ್ಕೆ ಸರಿದರು. ಹಿಂದಿನಿಂದ ಟ್ರಾಮ್ ಬರ್ತಿತ್ತು. 76 ವರ್ಷ. ಜೀವನವಿಡೀ ಕತ್ತಲ ಘಾಟಿಗಳಲ್ಲಿ, ಬ್ರೇಕಿಲ್ಲದ ಇಳಿಜಾರುಗಳಲ್ಲಿ ಏನೂ ಆಗದವರು ತಮ್ಮದೇ ಊರಿನ ಸಮತಟ್ಟಾದ ಬೀದಿಯಲ್ಲಿ, ಅದೂ ಸೈಕಲ್ಲಿನಿಂದ ಇಳಿದು ನಡೆಯುವಾಗ ಹೋದರು.

ಟೂರ್ ದ ಫ್ರಾನ್ಸ್‌ನಲ್ಲಿ ರೇಸರುಗಳಿಗೆ ಡಿರೇಲರ್ ಬಳಸೋ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ದೆಗ್ರಾಂಜ್ ಕೈಯಿಂದ ರೇಸಿನ ಉಸ್ತುವಾರಿ ಝಾಕ್ ಗೊದೆ ಎಂಬ ಕಿರಿಯರ ಕೈಗೆ ಹೋಗಿತ್ತು. ಆ ವರ್ಷ ಗೆದ್ದ ರೋಜೆ ಲಾಪೆಬಿ ಡಿರೇಲರ್ ಇದ್ದ ಸೈಕಲ್ಲಲ್ಲೇ ಗೆದ್ದರು. ರಿಪಬ್ಲಿಕ್ ಘಾಟಿಯಲ್ಲಿ ಈಗ ವೆಲೋಸಿಯೋ ಹೆಸರಿನ ಸ್ಮಾರಕ ಇದೆ. ಅಲ್ಲಿಗೆ ಹತ್ತುವವರಲ್ಲಿ ರೇಸಿಂಗ್ ಜೆರ್ಸಿ ಹಾಕಿದ ಹುಡುಗರೂ ಇರ್ತಾರೆ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿಸಿಕೊಂಡು ಮಾತಾಡ್ತಾ ಬರೋ ಅಜ್ಜಂದಿರೂ ಇರ್ತಾರೆ.